ನ್ಯಾಯಾಲಯ ಕೇಳದೆ ಬಿಟ್ಟ ಪ್ರಶ್ನೆ

ನ್ಯಾಯದೇವತೆಯ ಕಣ್ಣಿಗೆ ಪಟ್ಟಿ ಕಟ್ಟಿ, ಕೈಗೆ ತಕ್ಕಡಿ ಕೊಟ್ಟು ನಿಲ್ಲಿಸುವುದು ಪಾಶ್ಚಾತ್ಯ ಶಿಲ್ಪಿಗಳ ಸಂಪ್ರದಾಯ. ಎದುರಿಗೆ ನಿಂತವನು ಅರಸನೋ ಆಳೋ, ಬಿಳಿಯನೋ ಕರಿಯನೋ, ಗಂಡೋ ಹೆಣ್ಣೋ ಎಂಬುದನ್ನು ಲೆಕ್ಕಿಸದೆ ಆಕೆ ತೂಗಬೇಕೆಂಬುದು ಅದರ ಅರ್ಥ. ಕಲ್ಪನೆ ಉದಾತ್ತವಾದುದು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ನ್ಯಾಯಾಲಯಗಳ ಚರಿತ್ರೆಯನ್ನು ಓದಿದವರಿಗೆ, ಆ ಪಟ್ಟಿಯ ಹಿಂದೆ ಕಣ್ಣುಗಳು ಬಹುಕಾಲ ತೆರೆದೇ ಇದ್ದುವೆಂಬುದು ತಿಳಿಯದೆ ಹೋಗದು. ಅದರಲ್ಲಿಯೂ ಕಟಕಟೆಯಲ್ಲಿ ನಿಂತವಳು ಕರಿಯ ಹೆಂಗಸಾದರೆ, ಆಕೆಯ ಬಣ್ಣವನ್ನೊಮ್ಮೆ, ಆಕೆಯ ಹೆಣ್ತನವನ್ನೊಮ್ಮೆ ನೋಡಿ, ಎರಡೂ ಸಲ ಆಕೆಗೆ ಕೊಡಬೇಕಾದುದನ್ನು ಕೊಡದೆ ಕಳುಹಿಸಿದ ಪ್ರಸಂಗಗಳು ಒಂದೆರಡಲ್ಲ.

ಕಳೆದ ಸುಮಾರು ಅರ್ಧ ಶತಮಾನದಲ್ಲಿ ಆ ದೇಶದ ಕಾದಂಬರಿಕಾರರು, ವಿಶೇಷವಾಗಿ ಕರಿಯ ಜನಾಂಗದ ಲೇಖಕಿಯರು, ಈ ವಿಷಯವನ್ನೇ ತಮ್ಮ ಕೃತಿಗಳ ಜೀವಾಳವನ್ನಾಗಿ ಮಾಡಿಕೊಂಡಿದ್ದಾರೆ. ಕಾಯಿದೆಯ ಕಡತದಲ್ಲಿ ಬರೆಯದೆ ಬಿಟ್ಟ ಭಾಗವನ್ನು ಬರೆಯುವುದು ಅವರ ಉದ್ದೇಶ. ಆ ಕಡತಗಳನ್ನೂ ಈ ಕತೆಗಳನ್ನೂ ಪಕ್ಕ ಪಕ್ಕದಲ್ಲಿಟ್ಟು ನೋಡಿದರೆ, ಸಾಹಿತ್ಯವು ನ್ಯಾಯಕ್ಕೆ ಯಾವ ಬಗೆಯ ಸೇವೆ ಸಲ್ಲಿಸಬಲ್ಲದು ಎಂಬುದು ಸ್ಪಷ್ಟವಾಗುತ್ತದೆ.

ತಾಯಿಯ ದಾರಿಯಲ್ಲಿ ಮಗು

ವರ್ಜೀನಿಯಾ ಆಗಿನ್ನೂ ಇಂಗ್ಲಿಷರ ವಸಾಹತು. ಅಲ್ಲಿ ಎಲಿಜಬೆತ್ ಕೀ ಎಂಬ ಹೆಂಗಸು ತನ್ನ ಬಿಡುಗಡೆಗಾಗಿ ದಾವೆ ಹೂಡಿ, 1656ರಲ್ಲಿ ಗೆದ್ದಳು. ಆಕೆಯ ತಾಯಿ ಆಫ್ರಿಕದ ಗುಲಾಮಳು. ತಂದೆ ಇಂಗ್ಲಿಷ್ ಗೃಹಸ್ಥ. ಇಂಗ್ಲೆಂಡಿನ ಪದ್ಧತಿಯಂತೆ ಮಗು ತಂದೆಯ ಸ್ಥಾನಮಾನವನ್ನು ಪಡೆಯಬೇಕು. ಆದುದರಿಂದ ತಾನು ಸ್ವತಂತ್ರಳು ಎಂಬುದು ಆಕೆಯ ವಾದಗಳಲ್ಲೊಂದು. ಅದು ಜಮೀನುದಾರರನ್ನು ಯೋಚನೆಗೀಡು ಮಾಡಿತು. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಹೊಸ ಕಾಯಿದೆಯೊಂದನ್ನು ಮಾಡಿ, ಇನ್ನು ಮುಂದೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದೆಂದು ವಿಧಿಸಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ತಂದೆ ಯಾರಾದರೂ ಆಗಲಿ.

ಮೇಲುನೋಟಕ್ಕೆ ಇದು ತಾಯಿಗೆ ಸಲ್ಲಿಸಿದ ಗೌರವದಂತೆ ಕಾಣಬಹುದು. ಒಳಹೊಕ್ಕು ನೋಡಿದರೆ ಇದಕ್ಕಿಂತ ಕ್ರೂರವಾದ ವಿಧಿ ಮತ್ತೊಂದಿಲ್ಲ. ಒಡೆಯನು ತನ್ನ ಮನೆಯ ಗುಲಾಮ ಹೆಣ್ಣನ್ನು ಕೆಡಿಸಿದರೆ ಹುಟ್ಟುವ ಕೂಸು ಅವನಿಗೆ ಮಗುವಲ್ಲ, ಆಸ್ತಿ. ಪಾಪಕ್ಕೆ ಶಿಕ್ಷೆಯಿರುವ ಬದಲು ಲಾಭ ಬಂದಿತು. ಉಳಿದ ವಸಾಹತುಗಳೂ ಇದೇ ನಿಯಮವನ್ನು ಅನುಸರಿಸಿದುವು. ಎರಡು ಶತಮಾನಗಳ ಕಾಲ ಅದು ನಡೆದುಬಂದಿತು.

ಅಕ್ಟೇವಿಯಾ ಬಟ್ಲರ್ ಅವರು 1979ರಲ್ಲಿ ಪ್ರಕಟಿಸಿದ ‘ಕಿಂಡ್ರೆಡ್’ ಕಾದಂಬರಿಯಲ್ಲಿ ಈ ನಿಯಮದ ವಿಷ ಒಂದು ಮನೆತನದ ಕತೆಯಾಗಿ ಹರಿಯುತ್ತದೆ. 1976ರ ಲಾಸ್ ಏಂಜಲಿಸ್ ನಗರದಲ್ಲಿ ಬಾಳುತ್ತಿರುವ ಡೇನಾ ಎಂಬ ಕರಿಯ ಲೇಖಕಿ ಯಾವುದೋ ಅಗೋಚರ ಶಕ್ತಿಯ ಸೆಳೆತಕ್ಕೆ ಸಿಕ್ಕಿ, ಹತ್ತೊಂಬತ್ತನೆಯ ಶತಮಾನದ ಮೇರಿಲೆಂಡಿನ ತೋಟವೊಂದಕ್ಕೆ ಮತ್ತೆ ಮತ್ತೆ ಹೋಗಿ ಬೀಳುತ್ತಾಳೆ. ಅಲ್ಲಿ ಅವಳು ಪ್ರಾಣ ಉಳಿಸಬೇಕಾದ ಬಿಳಿಯ ಹುಡುಗ ರೂಫಸ್ ತನ್ನದೇ ವಂಶದ ಮೂಲಪುರುಷನೆಂಬುದು ಅವಳಿಗೆ ತಿಳಿದುಬರುತ್ತದೆ. ಮೂಲಸ್ತ್ರೀಯಾಗಬೇಕಾದವಳು ಆಲಿಸ್. ತಾಯಿ ಸ್ವತಂತ್ರಳಾದುದರಿಂದ ಆಲಿಸಳೂ ಸ್ವತಂತ್ರಳಾಗಿಯೇ ಹುಟ್ಟಿದವಳು. ಆದರೆ ಗುಲಾಮನಾದ ಗಂಡನೊಡನೆ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು, ತನ್ನ ಸ್ವಾತಂತ್ರ್ಯವನ್ನೇ ಕಳೆದುಕೊಳ್ಳುತ್ತಾಳೆ. ರೂಫಸ್ ಅವಳನ್ನು ಕೊಂಡುಕೊಳ್ಳುತ್ತಾನೆ. ಆಲಿಸಳಿಗೆ ಆಗುವ ಅನ್ಯಾಯವನ್ನು ತಡೆದರೆ ಡೇನಾಳ ವಂಶವೇ ಇಲ್ಲ. ತಡೆಯದಿದ್ದರೆ ಆ ಅನ್ಯಾಯದಲ್ಲಿ ತಾನೂ ಪಾಲುಗಾರಳು. ಎಂಥ ಇಕ್ಕಟ್ಟು! ಕಾಯಿದೆಯ ಪುಸ್ತಕದಲ್ಲಿ ಒಂದು ಸಾಲಾಗಿ ತಣ್ಣಗೆ ಕುಳಿತಿರುವ ನಿಯಮ ಮನುಷ್ಯರ ರಕ್ತದಲ್ಲಿ ಇಳಿದಾಗ ಹೇಗಿರುತ್ತದೆಂಬುದನ್ನು ಈ ಕತೆ ತೋರಿಸುತ್ತದೆ.

ಸೀಲಿಯಾಳ ಮೊಕದ್ದಮೆ

ಮಿಸೌರಿ ಸಂಸ್ಥಾನದ ರೈತನೊಬ್ಬ 1850ರಲ್ಲಿ ಸೀಲಿಯಾ ಎಂಬ ಹುಡುಗಿಯನ್ನು ಕೊಂಡು ತಂದನು. ಅವನು ಹೆಂಡತಿ ತೀರಿಕೊಂಡ, ಪ್ರಾಯ ಸಂದ ಮನುಷ್ಯ. ಆಕೆಗೆ ಸುಮಾರು ಹದಿನಾಲ್ಕು ವರ್ಷ. ಐದು ವರ್ಷಗಳ ಕಾಲ ಅವನ ಬಲಾತ್ಕಾರವನ್ನು ಸಹಿಸಿದ ಆಕೆ, 1855ರ ಜೂನ್ ತಿಂಗಳ ಒಂದು ರಾತ್ರಿ ತನ್ನ ಗುಡಿಸಲಿಗೆ ಬಂದ ಅವನನ್ನು ದೊಣ್ಣೆಯಿಂದ ಹೊಡೆದು ಕೊಂದಳು.

ಯಾವ ಹೆಣ್ಣನ್ನಾದರೂ ಆಕೆಯ ಇಚ್ಛೆಗೆ ವಿರುದ್ಧವಾಗಿ ಬಲಾತ್ಕರಿಸುವುದು ಅಪರಾಧವೆಂದು ಮಿಸೌರಿಯ ಕಾಯಿದೆಯೇ ಹೇಳುತ್ತಿತ್ತು. ಸೀಲಿಯಾಳ ಪರವಾಗಿ ನಿಂತ ವಕೀಲ ಜಾನ್ ಜೇಮ್ಸನ್ ಆ ಮಾತನ್ನೇ ಹಿಡಿದುಕೊಂಡರು. ‘ಯಾವ ಹೆಣ್ಣಾದರೂ’ ಎಂದರೆ ಗುಲಾಮ ಹೆಣ್ಣೂ ಅದರಲ್ಲಿ ಸೇರಿದವಳೇ. ಮಾನ ಉಳಿಸಿಕೊಳ್ಳಲು ಕೈಯೆತ್ತುವ ಹಕ್ಕು ಆಕೆಗೂ ಉಂಟು ಎಂದು ಜ್ಯೂರಿಗೆ ತಿಳಿಸಬೇಕೆಂದು ನ್ಯಾಯಾಧೀಶರನ್ನು ಕೇಳಿಕೊಂಡರು. ನ್ಯಾಯಾಧೀಶರು ಒಪ್ಪಲಿಲ್ಲ. ಆ ಪದದ ವ್ಯಾಪ್ತಿಯಲ್ಲಿ ಸೀಲಿಯಾ ಬರಲಿಲ್ಲ. ಬಾಯಿಬಿಟ್ಟು ಸಾಕ್ಷಿ ನುಡಿಯುವ ಅವಕಾಶವೂ ಆಕೆಗಿರಲಿಲ್ಲ. ಬಿಳಿಯ ಗಂಡಸರೇ ತುಂಬಿದ ಜ್ಯೂರಿ ಅಪರಾಧಿಯೆಂದು ತೀರ್ಮಾನಿಸಿತು; 1855ರ ಡಿಸೆಂಬರ್ 21ರಂದು ಆಕೆಯನ್ನು ಗಲ್ಲಿಗೇರಿಸಿದರು.

ತುಂಬಿದ ಸಭೆಯಲ್ಲಿ ನಿಂತು ದ್ರೌಪದಿ ಕೇಳಿದ ಪ್ರಶ್ನೆ ಕನ್ನಡದ ಓದುಗರಿಗೆ ಹೊಸದಲ್ಲ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು ಆಕೆ ಕೇಳಿದಾಗ, ಧರ್ಮದ ಗತಿ ಸೂಕ್ಷ್ಮವೆಂದು ಭೀಷ್ಮನಂಥವನೂ ನುಣುಚಿಕೊಂಡ. ಉತ್ತರ ದೊರೆಯದಿದ್ದರೂ ದ್ರೌಪದಿಯ ಪ್ರಶ್ನೆ ವ್ಯಾಸರ ಕಾವ್ಯದಲ್ಲಿ ಉಳಿಯಿತು. ಸೀಲಿಯಾಳಿಗೆ ಸಭೆ ಮಾತ್ರ ದೊರೆಯಿತು. ಆಕೆಯ ಕಾಲದಲ್ಲಿ ಆಕೆಯ ಪ್ರಶ್ನೆಯನ್ನು ಬರೆದಿಡುವ ಕವಿ ಯಾರೂ ಇರಲಿಲ್ಲ.

ಹತ್ತು ಡಾಲರಿನ ತೀರ್ಪು

ಮರುತಿಂಗಳೇ, 1856ರ ಜನವರಿಯಲ್ಲಿ, ಮತ್ತೊಬ್ಬ ಗುಲಾಮ ಹೆಣ್ಣಿನ ಹೆಸರು ದೇಶದ ಪತ್ರಿಕೆಗಳನ್ನು ತುಂಬಿತು. ಕೆಂಟಕಿಯ ಮಾರ್ಗರೆಟ್ ಗಾರ್ನರ್ ತನ್ನ ಗಂಡ, ನಾಲ್ವರು ಮಕ್ಕಳು ಹಾಗೂ ಅತ್ತೆಮಾವಂದಿರೊಡನೆ, ಹೆಪ್ಪುಗಟ್ಟಿದ್ದ ಒಹಾಯೊ ನದಿಯನ್ನು ನಡೆದೇ ದಾಟಿ ಸಿನ್ಸಿನಾಟಿ ನಗರವನ್ನು ಸೇರಿದಳು. ನದಿಯ ಈಚೆ ದಡದಲ್ಲಿ ಗುಲಾಮಗಿರಿಯಿಲ್ಲ. ಆದರೆ 1850ರ ಪಲಾಯಿತ ಗುಲಾಮರ ಕಾಯಿದೆ ನದಿಯನ್ನು ಲೆಕ್ಕಿಸುತ್ತಿರಲಿಲ್ಲ. ಓಡಿಬಂದವರನ್ನು ಎಲ್ಲಿಂದಲಾದರೂ ಹಿಡಿದು ಒಡೆಯನಿಗೆ ಒಪ್ಪಿಸಬಹುದಿತ್ತು. ಅಧಿಕಾರಿಗಳು ಮನೆಯನ್ನು ಮುತ್ತಿದಾಗ ಮಾರ್ಗರೆಟ್ ತನ್ನ ಎರಡು ವರ್ಷದ ಹೆಣ್ಣುಮಗುವಿನ ಕತ್ತನ್ನು ಚೂರಿಯಿಂದ ಕೊಯ್ದಳು. ಉಳಿದ ಮಕ್ಕಳನ್ನೂ ಕೊಲ್ಲಲು ಹವಣಿಸುತ್ತಿದ್ದವಳನ್ನು ತಡೆದರು.

ಆಮೇಲೆ ನಡೆದ ವಿಚಾರಣೆಯಂಥ ವಿಪರೀತ ವಿಚಾರಣೆ ಅಪರೂಪ. ಆಕೆಯ ಹಿತವನ್ನು ಬಯಸಿದ ವಕೀಲ ಜಾನ್ ಜಾಲಿಫ್, ಆಕೆಯ ಮೇಲೆ ಕೊಲೆಯ ಆಪಾದನೆ ಹೊರಿಸಿ ಒಹಾಯೊ ಸಂಸ್ಥಾನದಲ್ಲಿಯೇ ಇರಿಸಿಕೊಳ್ಳಬೇಕೆಂದು ಹೋರಾಡಿದರು. ಏಕೆಂದರೆ ಕೊಲೆ ಮಾಡಬಲ್ಲವರು ಮನುಷ್ಯರು ಮಾತ್ರ. ಕೊಲೆಗಾರ್ತಿ ಎನಿಸಿಕೊಂಡರೆ ಮೊದಲು ಮನುಷ್ಯಳು ಎನಿಸಿಕೊಂಡಂತೆ! ಒಡೆಯನ ಕಡೆಯವರು ಆಕೆ ಆಸ್ತಿಯಷ್ಟೇ ಎಂದು ವಾದಿಸಿದರು. ಕಾಯಿದೆಯ ಪ್ರಕಾರ, ವಿಚಾರಣೆ ನಡೆಸುವ ಕಮಿಷನರಿಗೆ ಹಿಡಿದವರನ್ನು ಒಡೆಯನಿಗೆ ಒಪ್ಪಿಸಿದರೆ ಹತ್ತು ಡಾಲರ್, ಬಿಡುಗಡೆ ಮಾಡಿದರೆ ಐದು ಡಾಲರ್ ಸಂಭಾವನೆ. ಒಪ್ಪಿಸುವುದಕ್ಕೆ ಬರವಣಿಗೆಯ ಕೆಲಸ ಹೆಚ್ಚೆಂಬುದು ಅದಕ್ಕೆ ಕೊಟ್ಟ ಸಮಾಧಾನ. ಮಾರ್ಗರೆಟ್ ಆಸ್ತಿಯೆಂದೇ ತೀರ್ಪಾಯಿತು. ಆಕೆಯನ್ನು ಒಡೆಯನಿಗೆ ಒಪ್ಪಿಸಿದರು; ಎರಡು ವರ್ಷಗಳ ತರುವಾಯ, 1858ರಲ್ಲಿ, ವಿಷಮಶೀತ ಜ್ವರದಿಂದ ಆಕೆ ತೀರಿಕೊಂಡಳು.

ಸ್ತ್ರೀಸ್ವಾತಂತ್ರ್ಯದ ಹೋರಾಟಗಾರ್ತಿ ಲೂಸಿ ಸ್ಟೋನ್ ಆ ನ್ಯಾಯಾಲಯದಲ್ಲಿಯೇ ನಿಂತು, ಮಕ್ಕಳ ಮುಖದ ಬಿಳುಪನ್ನು ಎಲ್ಲರ ಗಮನಕ್ಕೆ ತಂದು, ಗುಲಾಮ ಹೆಂಗಸರು ಎಂಥ ಹೀನಸ್ಥಿತಿಗೆ ಗುರಿಯಾಗಿದ್ದಾರೆಂಬುದನ್ನು ಅದೇ ಹೇಳುತ್ತದೆಂದರು. ಕಾನೂನಿನ ಮುಂದಿದ್ದುದು ಆ ಪ್ರಶ್ನೆಯಲ್ಲ. ಆಕೆ ಯಾರ ಸ್ವತ್ತು ಎಂಬುದಷ್ಟೇ ಅದರ ಪ್ರಶ್ನೆ. ಹೆತ್ತವಳು ಮಗುವನ್ನು ಕೊಲ್ಲುವಷ್ಟು ಭಯಂಕರವಾದುದು ಆಕೆ ಬಿಟ್ಟುಬಂದ ಬದುಕಿನಲ್ಲಿ ಏನಿತ್ತು ಎಂದು ಕೇಳಲು ಯಾವ ಕಲಮಿನಲ್ಲಿಯೂ ಅವಕಾಶವಿರಲಿಲ್ಲ.

ನೂರಕ್ಕೂ ಹೆಚ್ಚು ವರ್ಷಗಳು ಕಳೆದುವು. ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದ ಟೋನಿ ಮಾರಿಸನ್, ಕರಿಯರ ಚರಿತ್ರೆಗೆ ಸಂಬಂಧಿಸಿದ ಚಿತ್ರ, ಪತ್ರಿಕಾ ಬರಹಗಳ ಸಂಕಲನವೊಂದನ್ನು ಸಿದ್ಧಪಡಿಸುತ್ತಿದ್ದಾಗ ಗಾರ್ನರಳನ್ನು ಕುರಿತ ಹಳೆಯ ಪತ್ರಿಕಾ ವರದಿ ಅವರ ಕೈಗೆ ಬಂದಿತು. ಆ ಸಂಕಲನ 1974ರಲ್ಲಿ ಹೊರಬಂದಿತು. ವರದಿ ಮಾತ್ರ ಲೇಖಕಿಯ ಮನಸ್ಸನ್ನು ಬಿಡಲಿಲ್ಲ. 1987ರಲ್ಲಿ ಅದು ‘ಬಿಲವೆಡ್’ ಕಾದಂಬರಿಯಾಗಿ ರೂಪ ತಾಳಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪಾರಿತೋಷಕವೂ, 1993ರಲ್ಲಿ ಮಾರಿಸನ್ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆತುವು.

ಕಾದಂಬರಿಯ ನಾಯಕಿ ಸೆಥಿ. ಇಪ್ಪತ್ತೆಂಟು ದಿನಗಳ ಸ್ವಾತಂತ್ರ್ಯವನ್ನು ಸವಿದ ಮೇಲೆ, ಹಿಡಿದೊಯ್ಯಲು ಬಂದವರನ್ನು ಕಂಡು ತನ್ನ ಕೂಸನ್ನು ಕೊಂದವಳು. ಹದಿನೆಂಟು ವರ್ಷಗಳ ಅನಂತರ ಆ ಮಗುವೇ ಬೆಳೆದ ಹುಡುಗಿಯ ರೂಪದಲ್ಲಿ ಮನೆಗೆ ಬಂದಂತೆ ಆಕೆಗೆ ತೋರುತ್ತದೆ. ಭೂತದ ಕತೆಯಂತೆ ಮೊದಲಾಗುವ ಈ ಕೃತಿಯಲ್ಲಿ ಓದುಗನ ಎದೆ ನಡುಗಿಸುವ ಸಂಗತಿ ಭೂತವಲ್ಲ, ಒಂದು ನೋಟುಪುಸ್ತಕ. ತೋಟದ ಯಜಮಾನಿಕೆ ವಹಿಸಿಕೊಂಡ ಮೇಷ್ಟ್ರೊಬ್ಬ ತನ್ನ ಶಿಷ್ಯರಿಂದ ಸೆಥಿಯ ಲಕ್ಷಣಗಳನ್ನು ಎರಡು ಪಟ್ಟಿಗಳಲ್ಲಿ ಬರೆಯಿಸುತ್ತಾನೆ. ಒಂದು ಕಡೆ ಮನುಷ್ಯ ಲಕ್ಷಣಗಳು, ಇನ್ನೊಂದು ಕಡೆ ಪಶು ಲಕ್ಷಣಗಳು. ಆ ಮಾತು ಸೆಥಿಯ ಕಿವಿಗೆ ಬೀಳುತ್ತದೆ. ಅವನು ಬರೆಯುವ ಶಾಯಿಯನ್ನು ತಯಾರಿಸಿ ಕೊಟ್ಟವಳೂ ಅವಳೇ!

ಸೆಥಿ ಮಾಡಿದುದು ಸರಿಯೆಂದು ಮಾರಿಸನ್ ಎಲ್ಲಿಯೂ ಹೇಳುವುದಿಲ್ಲ. ನೆರೆಹೊರೆಯ ಕರಿಯ ಜನರೇ ಅವಳಿಂದ ದೂರ ಸರಿಯುತ್ತಾರೆ. ಅವಳನ್ನು ಪ್ರೀತಿಸುವ ಪಾಲ್ ಡಿ ಕೂಡ ಹೆದರಿ ಹೊರಟುಹೋಗುತ್ತಾನೆ. ಕಡೆಗೆ ಆ ಊರಿನ ಹೆಂಗಸರೇ ಒಟ್ಟಾಗಿ ಬಂದು ಅವಳ ಬಾಗಿಲ ಮುಂದೆ ನಿಲ್ಲುತ್ತಾರೆ. ಗಾರ್ನರಳ ವಿಚಾರಣೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕಾದಂಬರಿ ಕೇಳುತ್ತದೆ, ಸುಲಭವಾದ ಉತ್ತರವನ್ನು ಮಾತ್ರ ಕೊಡುವುದಿಲ್ಲ.

ಕನಿಕರವೆಂಬ ಅಪರಾಧ

1865ರಲ್ಲಿ ಗುಲಾಮಗಿರಿ ಶಾಸನರೀತ್ಯಾ ಅಳಿಯಿತು. ಮನಸ್ಸಿನ ಬೇಲಿಗಳು ಅಳಿಯಲಿಲ್ಲ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ 1960ರಲ್ಲಿ ಪ್ರಕಟವಾಗಿ, ಲೋಕದಾದ್ಯಂತ ಮನೆಮಾತಾಯಿತು. 1930ರ ದಶಕದ ಅಲಬಾಮಾ ಸಂಸ್ಥಾನದ ಒಂದು ಸಣ್ಣ ಪಟ್ಟಣ. ಬಡ ಬಿಳಿಯ ಹುಡುಗಿ ಮಯೆಲಾಳ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆಪಾದನೆಗೆ ಗುರಿಯಾದ ಕರಿಯ ಕೂಲಿಗಾರ ಟಾಮ್ ರಾಬಿನ್ಸನ್. ಅವನ ಪರವಾಗಿ ವಾದಿಸುವ ಬಿಳಿಯ ವಕೀಲ ಆಟಿಕಸ್ ಫಿಂಚ್. ಹುಡುಗಿಯ ಮುಖದ ಬಲಭಾಗದಲ್ಲಿ ಪೆಟ್ಟು. ಟಾಮನ ಎಡಗೈಯಾದರೋ ಹುಡುಗನಾಗಿದ್ದಾಗಲೇ ಯಂತ್ರಕ್ಕೆ ಸಿಕ್ಕಿ ನಿರುಪಯೋಗಿಯಾಗಿದೆ. ಸಾಕ್ಷ್ಯವೆಲ್ಲ ಅವನ ಕಡೆಗಿದ್ದರೂ ಜ್ಯೂರಿ ಅವನನ್ನು ಅಪರಾಧಿಯೆನ್ನುತ್ತದೆ. ಆ ಹುಡುಗಿಯನ್ನು ಕಂಡು ತನಗೆ ಕನಿಕರವಾಯಿತೆಂದು ಅವನು ಕಟಕಟೆಯಲ್ಲಿ ಆಡಿದ ಮಾತೇ ಅವನಿಗೆ ಮುಳುವಾಗುತ್ತದೆ. ಕರಿಯನು ಬಿಳಿಯಳಿಗಾಗಿ ಮರುಗುವುದೆಂದರೇನು!

ಬಣ್ಣದೊಡನೆ ಹೆಣ್ತನವೂ ಈ ಕತೆಯಲ್ಲಿ ಹೆಣೆದುಕೊಂಡಿದೆ. ಮಯೆಲಾ ತಾಯಿಯಿಲ್ಲದವಳು, ಕುಡುಕ ತಂದೆಯ ಏಟು ತಿನ್ನುವವಳು. ಮನೆಯಲ್ಲಿ ಆಕೆಗೆ ಯಾವ ಬಲವೂ ಇಲ್ಲ. ಆದರೆ ಕರಿಯನೊಬ್ಬನ ಎದುರಿಗೆ ನಿಂತಾಗ ಆಕೆಯ ಮಾತು ಪ್ರಾಣ ತೆಗೆಯಬಲ್ಲದು. ಆ ಜ್ಯೂರಿಯಲ್ಲಿ ಹೆಂಗಸರೂ ಇಲ್ಲ. ಅಲಬಾಮಾದಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂರುವಂತಿಲ್ಲವೆಂಬುದನ್ನು ಆಟಿಕಸ್ ತನ್ನ ಮಕ್ಕಳಿಗೆ ವಿವರಿಸುತ್ತಾನೆ. ಇದು ಕಲ್ಪನೆಯಲ್ಲ, ಆ ನಿಷೇಧವನ್ನು ಫೆಡರಲ್ ನ್ಯಾಯಾಲಯ ತೊಡೆದುಹಾಕಿದ್ದು 1966ರಲ್ಲಿ, ಕಾದಂಬರಿ ಪ್ರಕಟವಾದ ಆರು ವರ್ಷಗಳ ಮೇಲೆ.

ಇಷ್ಟಾದರೂ ಈ ಪ್ರಸಿದ್ಧ ಕೃತಿಯಲ್ಲಿ ಒಂದು ಕೊರತೆಯುಂಟು. ಟಾಮನಿಗೆ ಹೆಲೆನ್ ಎಂಬ ಹೆಂಡತಿಯಿದ್ದಾಳೆ, ಮಕ್ಕಳಿದ್ದಾರೆ. ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಯತ್ನಿಸಿ ಅವನು ಗುಂಡಿಗೆ ಬಲಿಯಾದಾಗ, ಸುದ್ದಿ ಕೇಳುವ ಮೊದಲೇ, ಮನೆಗೆ ಬಂದವರ ಮುಖ ನೋಡಿದೊಡನೆ ಆಕೆ ಕುಸಿದು ಬೀಳುತ್ತಾಳೆ. ಆ ಚಿತ್ರ ಮರೆಯಲಾಗದಂಥದು. ಆದರೆ ಆಕೆ ಓದುಗನೊಡನೆ ಮಾತನಾಡುವುದಿಲ್ಲ. ಸಜ್ಜನನಾದ ಬಿಳಿಯ ವಕೀಲನ ಎತ್ತರದ ನೆರಳಿನಲ್ಲಿ ಕರಿಯ ಹೆಂಡತಿಯ ದನಿ ಅಡಗಿಹೋಗಿದೆ.

ಎರಡು ಪಟ್ಟಿಗಳ ನಡುವೆ

1964ರ ನಾಗರಿಕ ಹಕ್ಕುಗಳ ಕಾಯಿದೆ ಉದ್ಯೋಗದಲ್ಲಿ ಜನಾಂಗಭೇದವನ್ನೂ ಲಿಂಗಭೇದವನ್ನೂ ನಿಷೇಧಿಸಿತು. ಇನ್ನೇನು ಬೇಕು ಎಂದು ಕೇಳಬಹುದು. ಎಮಾ ಡಿಗ್ರಾಫೆನ್‌ರೀಡ್ ಮತ್ತಿತರ ಕರಿಯ ಹೆಂಗಸರು ಜನರಲ್ ಮೋಟರ್ಸ್ ಕಂಪನಿಯ ಮೇಲೆ ಹೂಡಿದ ದಾವೆ ಅದಕ್ಕೆ ಉತ್ತರ ಹೇಳುತ್ತದೆ. 1964ಕ್ಕೆ ಮೊದಲು ಆ ಕಂಪನಿ ಕರಿಯ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತು. ಮುಂದೆ ಕೆಲಸಗಾರರನ್ನು ಕಡಿಮೆ ಮಾಡಬೇಕಾದಾಗ, ಕಡೆಗೆ ಬಂದವರು ಮೊದಲು ಹೊರಗೆ ಎಂಬ ನಿಯಮದಂತೆ, 1970ರ ತರುವಾಯ ಸೇರಿದ ಕರಿಯ ಹೆಂಗಸರೆಲ್ಲರೂ ಕೆಲಸ ಕಳೆದುಕೊಂಡರು.

ಸೇಂಟ್ ಲೂಯಿಸ್‌ನ ಫೆಡರಲ್ ನ್ಯಾಯಾಲಯ 1976ರಲ್ಲಿ ಕೊಟ್ಟ ತೀರ್ಪಿನ ಧಾಟಿ ಇದು: ಹೆಂಗಸರಿಗೆ ಅನ್ಯಾಯವಾಯಿತೆನ್ನುವಂತಿಲ್ಲ, ಏಕೆಂದರೆ ಕಂಪನಿ ಮೊದಲಿನಿಂದಲೂ ಹೆಂಗಸರನ್ನು ನೇಮಿಸಿಕೊಂಡಿದೆ, ಜನಾಂಗದ ದೂರಿದ್ದರೆ ಕರಿಯ ಗಂಡಸರು ಹೂಡಿರುವ ಬೇರೆ ದಾವೆಯೊಡನೆ ಸೇರಿಸಿಕೊಳ್ಳಬಹುದು, ಎರಡನ್ನೂ ಕೂಡಿಸಿ ಕರಿಯ ಹೆಂಗಸರೆಂಬ ಹೊಸದೊಂದು ವರ್ಗವನ್ನು ಸೃಷ್ಟಿಸಲಾಗದು. ಮೊದಲಿನಿಂದಲೂ ನೇಮಿಸಿಕೊಂಡಿದ್ದ ಆ ಹೆಂಗಸರೆಲ್ಲ ಬಿಳಿಯರೆಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಮಾರಿಸನ್ ಅವರ ಕಾದಂಬರಿಯ ಮೇಷ್ಟ್ರಂತೆ ಕಾನೂನೂ ಎರಡು ಪಟ್ಟಿಗಳನ್ನು ಇಟ್ಟುಕೊಂಡಿತ್ತು. ಈ ಹೆಂಗಸರು ಎರಡರಲ್ಲಿಯೂ ಇದ್ದುದರಿಂದಲೇ ಯಾವುದರಲ್ಲಿಯೂ ಇಲ್ಲದಂತಾದರು. ಇದನ್ನು ಎತ್ತಿ ತೋರಿಸಿದವರು ಕಾನೂನಿನ ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಷಾ. 1989ರ ಲೇಖನವೊಂದರಲ್ಲಿ ಅವರು ನಾಲ್ಕು ಹಾದಿ ಕೂಡುವ ಚೌಕದ ಹೋಲಿಕೆ ಕೊಟ್ಟರು. ಚೌಕದ ನಡುವೆ ನಿಂತವಳಿಗೆ ಯಾವ ದಿಕ್ಕಿನ ಬಂಡಿಯಾದರೂ ತಾಗಬಹುದು, ಹಲವು ದಿಕ್ಕಿನವು ಒಟ್ಟಿಗೇ ತಾಗಬಹುದು. ಬಿದ್ದವಳ ಗಾಯ ಮಾತ್ರ ಒಂದೇ.

ಹಿಂದೆ ಉಳಿದವಳು

ಹೆಲೆನಳಿಗೆ ದೊರೆಯದ ದನಿ ಟಯಾರಿ ಜೋನ್ಸ್ ಅವರ ‘ಆನ್ ಅಮೆರಿಕನ್ ಮ್ಯಾರೇಜ್’ ಕಾದಂಬರಿಯಲ್ಲಿ ದೊರೆತಿದೆ. 2018ರಲ್ಲಿ ಪ್ರಕಟವಾದ ಈ ಕೃತಿಗೆ ಮರುವರ್ಷ ಬ್ರಿಟನ್ನಿನ ‘ವಿಮೆನ್ಸ್ ಪ್ರೈಸ್’ ಬಂದಿತು. ರಾಯ್ ಮತ್ತು ಸೆಲೆಸ್ಟಿಯಲ್ ಅಟ್ಲಾಂಟ ನಗರದ ವಿದ್ಯಾವಂತ ಕರಿಯ ದಂಪತಿಗಳು. ಹೊಸದಾಗಿ ಸಂಸಾರ ಹೂಡಿದವರು. ಅವನು ಉದ್ಯೋಗಸ್ಥ, ಅವಳು ಬೊಂಬೆಗಳನ್ನು ಮಾಡುವ ಕಲಾವಿದೆ. ಲೂಯಿಸಿಯಾನದಲ್ಲಿರುವ ಅವನ ತಾಯಿತಂದೆಯರನ್ನು ನೋಡಲು ಹೋಗಿ ತಂಗಿದ್ದ ಹೋಟೆಲಿನಲ್ಲಿ ಮಹಿಳೆಯೊಬ್ಬಳ ಮೇಲೆ ಅತ್ಯಾಚಾರ ನಡೆಯುತ್ತದೆ. ಆಕೆ ರಾಯ್‌ನನ್ನು ಬೆರಳು ಮಾಡಿ ತೋರಿಸುತ್ತಾಳೆ. ಆ ರಾತ್ರಿ ಗಂಡ ತನ್ನ ಪಕ್ಕದಲ್ಲೇ ಇದ್ದನೆಂದು ಸೆಲೆಸ್ಟಿಯಲ್ ಸಾಕ್ಷಿ ನುಡಿದರೂ ಜ್ಯೂರಿ ನಂಬುವುದಿಲ್ಲ. ಹನ್ನೆರಡು ವರ್ಷಗಳ ಸಜೆ.

ಇಲ್ಲಿ ಕರಿಯರನ್ನು ಬೇರೆಯಾಗಿ ಕೂರಿಸುವ ನ್ಯಾಯಾಲಯವಿಲ್ಲ, ಕಾಯಿದೆಯ ಯಾವ ಕಲಮಿನಲ್ಲಿಯೂ ಬಣ್ಣದ ಮಾತಿಲ್ಲ. ಆದರೂ ಕರಿಯ ಗಂಡನ ಮುಖ, ಕರಿಯ ಹೆಂಡತಿಯ ಮಾತು ಎರಡೂ ಹಳೆಯ ತಕ್ಕಡಿಯಲ್ಲೇ ತೂಗಲ್ಪಡುತ್ತವೆ. ಕತೆ ಸೆರೆಮನೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. ದಂಪತಿಗಳ ಪತ್ರಗಳು ಮೊದಲು ವಿರಹದಿಂದ ತುಂಬಿ ಬರುತ್ತವೆ, ಬರಬರುತ್ತ ಬಿಗುವಾಗುತ್ತವೆ, ಆಮೇಲೆ ವಿರಳವಾಗುತ್ತವೆ. ಐದು ವರ್ಷಗಳ ಅನಂತರ ಶಿಕ್ಷೆ ರದ್ದಾಗಿ ರಾಯ್ ಮರಳಿದಾಗ, ಸೆಲೆಸ್ಟಿಯಲ್ ಬಾಲ್ಯದ ಗೆಳೆಯ ಆಂಡ್ರೆಯೊಡನೆ ಬೇರೊಂದು ಬದುಕನ್ನು ಕಟ್ಟಿಕೊಂಡಿರುತ್ತಾಳೆ. ನಿರಪರಾಧಿಯಾದ ಗಂಡನಿಗಾಗಿ ಹೆಂಡತಿ ಎಷ್ಟು ಕಾಲ ಕಾಯಬೇಕು? ಸೆರೆಗೆ ಹೋದವಳು ಅವಳಾಗಿದ್ದರೆ ಅವನು ಕಾಯುತ್ತಿದ್ದನೆ? ಮೂವರೂ ತಮ್ಮ ತಮ್ಮ ಮಾತಿನಲ್ಲಿ ಕತೆ ಹೇಳುತ್ತಾರೆ. ಮೂವರಲ್ಲಿ ದುಷ್ಟರು ಯಾರೂ ಇಲ್ಲ. ನ್ಯಾಯಾಲಯ ತನ್ನ ತಪ್ಪನ್ನು ಕಾಗದದ ಮೇಲೆ ತಿದ್ದಿಕೊಂಡಿತು. ಒಡೆದ ಮನೆಯನ್ನು ತಿದ್ದುವ ಅಧಿಕಾರ ಅದಕ್ಕೆಲ್ಲಿದೆ?

ಕತೆಯ ಎಲ್ಲೆ

ಕಾದಂಬರಿ ಯಾರನ್ನೂ ಬಿಡುಗಡೆ ಮಾಡಲಾರದು. ‘ಬಿಲವೆಡ್’ ಬರೆದುದರಿಂದ ಮಾರ್ಗರೆಟ್ ಗಾರ್ನರಳ ಸಂಕಟ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆಟಿಕಸನಂಥ ಸಜ್ಜನನ ಕತೆ ಓದಿ ಕಣ್ಣೊರೆಸಿಕೊಂಡು, ಅಷ್ಟಕ್ಕೇ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವ ಓದುಗರೂ ಇರಬಹುದು. ಕಾನೂನಿಗೆ ಪಟ್ಟಿಗಳು ಬೇಕು, ಕಲಮುಗಳು ಬೇಕು. ಅವಿಲ್ಲದಿದ್ದರೆ ತೀರ್ಪು ನ್ಯಾಯಾಧೀಶನ ಮನಸ್ಸಿಗೆ ಬಂದಂತೆ ನಡೆದೀತು. ಜೇಮ್ಸನ್ ಸೀಲಿಯಾಳಿಗಾಗಿ ಹೋರಾಡಿದ್ದೂ ಕಾಯಿದೆಯ ಎರಡು ಪದಗಳನ್ನು ಹಿಡಿದೇ.

ಆದರೆ ಆ ಪದಗಳಿಗೆ ಅರ್ಥ ಹೇಳುವವರು ಮನುಷ್ಯರು. ಜ್ಯೂರಿಯ ಕುರ್ಚಿಗಳಲ್ಲಿ ಕೂರುವವರು ಅಂಗಡಿಯವರು, ಉಪಾಧ್ಯಾಯರು, ಮಕ್ಕಳೊಂದಿಗರು. ಸಂಜೆ ಮನೆಗೆ ಹೋಗಿ ಪುಸ್ತಕ ಹಿಡಿಯುವವರು. 1855ರಲ್ಲಿ ‘ಯಾವ ಹೆಣ್ಣಾದರೂ’ ಎಂಬ ಮಾತು ಸೀಲಿಯಾಳನ್ನು ಒಳಗೊಳ್ಳಲಿಲ್ಲವಾದರೆ, ಕನ್ನಡಿಗೋ ಇಂಗ್ಲಿಷಿಗೋ ಆ ಪದದ ಅರ್ಥ ತಿಳಿಯದೆ ಅಲ್ಲ. ಅದನ್ನು ಕೇಳಿದಾಗ ಆ ನ್ಯಾಯಾಲಯದವರ ಕಣ್ಣ ಮುಂದೆ ಸೀಲಿಯಾಳಂಥವಳ ಮುಖ ಬರಲಿಲ್ಲವೆಂಬ ಕಾರಣದಿಂದ. ಸೆಥಿ, ಆಲಿಸ್, ಸೆಲೆಸ್ಟಿಯಲ್ ಇವರ ಕತೆಗಳನ್ನು ಓದಿದವನ ಕಣ್ಣ ಮುಂದೆ, ನಾಳೆ ಅದೇ ಮಾತನ್ನು ಕೇಳಿದಾಗ, ಆ ಮುಖ ಬಾರದಿರದು.